ತೂಕದ ಸರಾಸರಿಗೆ ಅಸಮಾನತೆ ಸೇರಿದರೆ ಲೆಕ್ಕ ಬಿಡಿಸುವುದು ಹೇಗೆ? ಒಣದ್ರಾಕ್ಷಿ, ಕಬ್ಬು, ಹಾಲಿನ ಉದಾಹರಣೆಗಳ ಜೊತೆ

"ಒಟ್ಟು ಸರಾಸರಿ ಕನಿಷ್ಠ ಇಷ್ಟು ಬರಬೇಕು. ಹಾಗಾದರೆ ಉಳಿದದ್ದು ಎಷ್ಟಿರಬೇಕು?" ಇಂಥ ಪ್ರಶ್ನೆ ಕಂಡ ಕೂಡಲೇ ಬಹಳ ಮಕ್ಕಳು ಪೆನ್ನು ಕೆಳಗಿಡುತ್ತಾರೆ. ಸರಾಸರಿ ತೆಗೆಯಲು ಬರುತ್ತದೆ. ಅಸಮಾನತೆ, ಅಂದರೆ ≥, ≤ ಚಿಹ್ನೆಯ ಲೆಕ್ಕ, ಬಿಡಿಸಲೂ ಬರುತ್ತದೆ. ಎರಡೂ ಒಂದೇ ಪ್ರಶ್ನೆಯಲ್ಲಿ ಬಂದರೆ ಮಾತ್ರ ಎಲ್ಲಿಂದ ಶುರು ಮಾಡಬೇಕು ಅನ್ನುವುದು ಹೊಳೆಯುವುದಿಲ್ಲ. ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳಷ್ಟೇ ಅಲ್ಲ, ಧಾರವಾಡ, ವಿಜಯಪುರದಲ್ಲಿ ರೂಮು ಮಾಡಿಕೊಂಡು ಬ್ಯಾಂಕ್ ಪರೀಕ್ಷೆ, ಪಿಎಸ್‌ಐ ಪರೀಕ್ಷೆಗೆ ಓದುವವರೂ ಇಲ್ಲೇ ಎಡವುತ್ತಾರೆ.

ನಾನು ಹೇಳುವುದು ಒಂದೇ ಮಾತು. ಸರಾಸರಿಯ ಜೊತೆ ಗುದ್ದಾಡಬೇಡಿ, ಮೊತ್ತ ಹಿಡಿಯಿರಿ. ಸರಾಸರಿ ಅನ್ನುವುದು ಭಾಗಾಕಾರ ಆದ ಮೇಲೆ ಬರುವ ಸಂಖ್ಯೆ. ಅದರ ಹಿಂದೆ ಒಂದು ಮೊತ್ತ ಇರುತ್ತದೆ. ಆ ಮೊತ್ತಕ್ಕೆ ಅಸಮಾನತೆ ಬರೆದರೆ ಅರ್ಧ ಲೆಕ್ಕ ಅಲ್ಲೇ ಮುಗಿಯುತ್ತದೆ. ಇದನ್ನು ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯ ಲೆಕ್ಕಗಳಲ್ಲೇ ಹೆಜ್ಜೆ ಹೆಜ್ಜೆಯಾಗಿ ಮಾಡೋಣ.

ಮೊದಲ ಹೆಜ್ಜೆ: ತೂಕ ಯಾವುದು?

ತೂಕದ ಸರಾಸರಿಯ ಸೂತ್ರ ಸರಳ. ಪ್ರತಿಯೊಂದು ಬೆಲೆಯನ್ನು ಅದರ ತೂಕದಿಂದ ಗುಣಿಸಿ, ಎಲ್ಲವನ್ನೂ ಕೂಡಿಸಿ, ಒಟ್ಟು ತೂಕದಿಂದ ಭಾಗಿಸಬೇಕು. ಇಲ್ಲಿ "ತೂಕ" ಎಂದರೆ ಕಿಲೋ ಮಾತ್ರ ಅಲ್ಲ. ಅದು ಅಂಕ ಆಗಬಹುದು, ಟನ್ ಆಗಬಹುದು, ಗಂಟೆ, ಸೀರೆ ಏನು ಬೇಕಾದರೂ ಆಗಬಹುದು. ಗುರುತಿಸುವುದು ಹೇಗೆ? ಸರಾಸರಿಯ ಅಳತೆಯನ್ನು ಬಾಯಿಬಿಟ್ಟು ಓದಿ. "ಕಿಲೋಗೆ ಇಷ್ಟು ರೂಪಾಯಿ" ಅಂದರೆ ತೂಕ ಕಿಲೋ. "ಗಂಟೆಗೆ ಇಷ್ಟು ಕಿಲೋಮೀಟರ್" ಅಂದರೆ ತೂಕ ಗಂಟೆ. ಯಾವುದಕ್ಕೆ "ಗೆ" ಹತ್ತುತ್ತದೋ ಅದೇ ತೂಕ.

ಬಾಗಲಕೋಟೆಯಿಂದ ವಿಜಯಪುರಕ್ಕೆ ಹೋಗುವಾಗ ಗಂಟೆಗೆ 40 ಕಿ.ಮೀ., ಅದೇ ದಾರಿಯಲ್ಲಿ ಬರುವಾಗ 60 ಕಿ.ಮೀ. ವೇಗ ಅಂದುಕೊಳ್ಳಿ. ಸರಾಸರಿ 50 ಅಲ್ವಾ ಎಂದು ಎಲ್ಲರೂ ಹೇಳುತ್ತಾರೆ. ಅಲ್ಲ. ಇಲ್ಲಿ ತೂಕ ಗಂಟೆ, ದೂರ ಅಲ್ಲ. ನಿಧಾನ ಹೋದಾಗ ಜಾಸ್ತಿ ಹೊತ್ತು ಹಿಡಿಯುತ್ತದೆ, ಅದಕ್ಕೆ 40ರ ತೂಕ ಜಾಸ್ತಿ. ದೂರ 120 ಕಿ.ಮೀ. ಎಂದು ಹಿಡಿದರೆ ಹೋಗಲು 3 ಗಂಟೆ, ಬರಲು 2 ಗಂಟೆ. 240 ಕಿ.ಮೀ.ಗೆ 5 ಗಂಟೆ, ಅಂದರೆ ಸರಾಸರಿ 48. ದೂರ ಎಷ್ಟೇ ಹಿಡಿದರೂ 48ಏ ಬರುತ್ತದೆ.

ಈ ಲೆಕ್ಕ ಹೊಸದೇನಲ್ಲ. ಭಾಸ್ಕರಾಚಾರ್ಯ 1150ರಲ್ಲಿ ಮುಗಿಸಿದ ಗ್ರಂಥದ ಲೀಲಾವತಿ ಭಾಗದಲ್ಲಿ ಬಂಗಾರದ ಲೆಕ್ಕ ಅಂತಲೇ ಒಂದು ಪ್ರಕರಣ ಇದೆ. ಬೇರೆ ಬೇರೆ ಬಣ್ಣದ, ಅಂದರೆ ಬೇರೆ ಬೇರೆ ಶುದ್ಧತೆಯ ಬಂಗಾರ ಕರಗಿಸಿ ಕೂಡಿಸಿದರೆ ಕೊನೆಗೆ ಬರುವ ಬಣ್ಣ ಎಷ್ಟು ಅನ್ನುವುದು ಅಲ್ಲಿಯ ಪ್ರಶ್ನೆ. ಉತ್ತರ ನಮ್ಮ ಸೂತ್ರವೇ: ತೂಕವನ್ನು ಬಣ್ಣದಿಂದ ಗುಣಿಸಿ ಕೂಡಿಸು, ಒಟ್ಟು ತೂಕದಿಂದ ಭಾಗಿಸು. ಅವನ ಊರು ವಿಜ್ಜಡವಿಡ ನಮ್ಮ ವಿಜಯಪುರವೇ ಎಂದು ಈ ಕಡೆ ಬಹಳ ಜನ ನಂಬುತ್ತಾರೆ. ಮಹಾರಾಷ್ಟ್ರದ ಚಾಳೀಸಗಾಂವ್ ಹತ್ತಿರದ ಊರು ಎನ್ನುವವರೂ ಇದ್ದಾರೆ. ಊರು ಯಾವುದೇ ಇರಲಿ, ನಿಯಮ ನಮಗೆ ಬೇಕು.

ಎರಡನೇ ಹೆಜ್ಜೆ: ಮೊತ್ತಕ್ಕೆ ಅಸಮಾನತೆ ಬರೆಯಿರಿ

ಮಕ್ಕಳಿಗೆ ಚಿರಪರಿಚಿತವಾದ ಎಸ್ಸೆಸ್ಸೆಲ್ಸಿಯ 625ರ ಲೆಕ್ಕ ತೆಗೆದುಕೊಳ್ಳೋಣ. ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಕ್ಕೆ ತಲಾ 100. ಜಮಖಂಡಿಯ ಒಬ್ಬ ಹುಡುಗಿಗೆ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಕನ್ನಡ 112, ಇಂಗ್ಲಿಷ್ 84, ಹಿಂದಿ 91, ಗಣಿತ 78, ಸಮಾಜ ವಿಜ್ಞಾನ 88 ಬಂದಿವೆ ಎಂದುಕೊಳ್ಳಿ. ವಿಜ್ಞಾನದ ಪೇಪರ್ ಇನ್ನೂ ಕೊಟ್ಟಿಲ್ಲ. ಒಟ್ಟು ಕನಿಷ್ಠ ಶೇ 85 ಆಗಬೇಕಾದರೆ ವಿಜ್ಞಾನದಲ್ಲಿ ಎಷ್ಟು ಬೇಕು?

ವಿಜ್ಞಾನದ ಅಂಕ "ವಿ" ಆಗಿರಲಿ. ಬಂದಿರುವ ಅಂಕಗಳ ಮೊತ್ತ 453. ಬೇಕಾದ ಮೊತ್ತ 625ರ ಶೇ 85, ಅಂದರೆ 531.25. ಈಗ ಬರೆಯಿರಿ:

453 + ವಿ ≥ 531.25
ವಿ ≥ 78.25

ಅಂಕ ಪೂರ್ಣ ಸಂಖ್ಯೆ. 78 ಸಾಲದು, 79 ಬೇಕು. "ಕನಿಷ್ಠ" ಎಂದು ಕೇಳಿದಾಗ ದಶಮಾಂಶವನ್ನು ಯಾವಾಗಲೂ ಮೇಲಕ್ಕೆ ಏರಿಸಬೇಕು. 78.25 ಎನ್ನುವುದು 78ಕ್ಕೆ ಹತ್ತಿರ ಇದೆ ಎಂದು 78 ಬರೆದರೆ ಉತ್ತರ ತಪ್ಪು.

ಇಲ್ಲೇ ಇನ್ನೊಂದು ವಿಷಯ ನೋಡಿಬಿಡಿ. ಕೆಲವರು ಆರೂ ವಿಷಯದ ಶೇಕಡಾವಾರು ತೆಗೆದು ಆರರಿಂದ ಭಾಗಿಸುತ್ತಾರೆ. ಕನ್ನಡದ 112 ಎಂದರೆ ಶೇ 89.6. ಅದಕ್ಕೆ 84, 91, 78, 88, 79 ಕೂಡಿಸಿದರೆ 509.6. ಆರರಿಂದ ಭಾಗಿಸಿದರೆ 84.93. ಗುರಿ ತಪ್ಪಿತು ಎಂದು ಹುಡುಗಿ ಅಳಬಹುದು! ನಿಜವಾಗಿ 532 ಭಾಗಿಸು 625, ಅಂದರೆ ಶೇ 85.12. ಗುರಿ ಮುಟ್ಟಿದ್ದಾಳೆ. ಕನ್ನಡದ ತೂಕ 125, ಉಳಿದವುಗಳದ್ದು 100. ಸುಮ್ನೆ ಆರರಿಂದ ಭಾಗಿಸಿದರೆ ಆ ಹೆಚ್ಚಿನ 25 ಮಾಯವಾಗುತ್ತದೆ.

ಅದೇ ಹುಡುಗಿ ಶೇ 90 ಬೇಕು ಎಂದರೆ? 562.5 ಬೇಕು, ವಿ ≥ 109.5. ಪೇಪರ್ ಇರುವುದೇ 100ಕ್ಕೆ. ಉತ್ತರ ಇಲ್ಲ. ಬೀಜಗಣಿತ ತನ್ನಷ್ಟಕ್ಕೆ ತಾನು 109.5 ಎಂದು ಹೇಳಿ ಸುಮ್ಮನಾಗುತ್ತದೆ. ಅದು ಸಾಧ್ಯವೋ ಇಲ್ಲವೋ ನೋಡುವ ಕೆಲಸ ನಮ್ಮದು. ಹಾಗಾಗಿ ಲೆಕ್ಕಕ್ಕೆ ಮೊದಲೇ ಎರಡು ತುದಿ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು. ವಿ = 0 ಆದರೆ ಶೇ 72.48, ವಿ = 100 ಆದರೆ ಶೇ 88.48. ಈ ಎರಡರ ನಡುವಿನ ಗುರಿ ಕೇಳಿದರೆ ಮಾತ್ರ ಲೆಕ್ಕಕ್ಕೆ ಅರ್ಥ ಇದೆ.

ಮೂರನೇ ಹೆಜ್ಜೆ: ಎರಡು ಷರತ್ತು, ಒಂದೇ ಅಜ್ಞಾತ

ವಿಜಯಪುರ ಜಿಲ್ಲೆಯ ತಿಕೋಟಾ ಕಡೆ ಹೋದರೆ ಒಣದ್ರಾಕ್ಷಿಯ ಉದ್ದನೆಯ ಶೆಡ್‌ಗಳು ಕಾಣುತ್ತವೆ. ಒಂದರ ಮೇಲೊಂದು ಬಲೆ ಕಟ್ಟಿ, ದ್ರಾಕ್ಷಿ ಹರವಿ, ನೆರಳಲ್ಲೇ ಒಣಗಿಸುತ್ತಾರೆ. ಸುಮಾರು ನಾಲ್ಕು ಕಿಲೋ ಹಸಿ ದ್ರಾಕ್ಷಿ ಒಣಗಿದರೆ ಒಂದು ಕಿಲೋ ಒಣದ್ರಾಕ್ಷಿ. ಆಮೇಲೆ ಬಣ್ಣ, ಗಾತ್ರ ನೋಡಿ ದರ್ಜೆ ಮಾಡುತ್ತಾರೆ. ದರ್ಜೆ ಬದಲಾದಂತೆ ದರವೂ ಬದಲಾಗುತ್ತದೆ.

ಲೆಕ್ಕಕ್ಕೆಂದು ಮೇಲಿನ ದರ್ಜೆ ಕಿಲೋಗೆ 320 ರೂಪಾಯಿ, ಕೆಳಗಿನದ್ದು 240 ರೂಪಾಯಿ ಎಂದು ಹಿಡಿಯೋಣ. ವ್ಯಾಪಾರಿಗೆ 50 ಕಿಲೋ ಮಿಶ್ರಣ ಬೇಕು. ಸರಾಸರಿ ದರ ಕಿಲೋಗೆ 270 ಮೀರಬಾರದು. ಆದರೆ ಮೇಲಿನ ದರ್ಜೆ ಶೇ 30ಕ್ಕಿಂತ ಕಡಿಮೆ ಆಗಬಾರದು, ಇಲ್ಲವಾದರೆ ಗಿರಾಕಿ ಒಪ್ಪುವುದಿಲ್ಲ. ಮೇಲಿನ ದರ್ಜೆ ಎಷ್ಟು ಕಿಲೋ ಹಾಕಬೇಕು?

ಮೇಲಿನ ದರ್ಜೆ "ಮ" ಕಿಲೋ. ಹಾಗಾದರೆ ಕೆಳಗಿನದ್ದು 50 − ಮ ಕಿಲೋ. ಎರಡು ಅಜ್ಞಾತ ಇಟ್ಟುಕೊಳ್ಳದೆ ಒಂದರಲ್ಲೇ ಬರೆದರೆ ಕೆಲಸ ಹಗುರ. ಸರಾಸರಿ 270 ಮೀರಬಾರದು ಎಂದರೆ ಒಟ್ಟು ಹಣ 270 × 50 = 13500 ಮೀರಬಾರದು:

320ಮ + 240(50 − ಮ) ≤ 13500
320ಮ + 12000 − 240ಮ ≤ 13500
80ಮ ≤ 1500
ಮ ≤ 18.75

ಎರಡನೇ ಷರತ್ತು: ಮ ≥ 15. ಎರಡನ್ನೂ ಸೇರಿಸಿ 15 ≤ ಮ ≤ 18.75 ಎಂದು ಬರೆಯಬೇಕು. ಪೂರ್ಣ ಕಿಲೋ ಲೆಕ್ಕದಲ್ಲಿ 15, 16, 17, 18. ಈ ಸಲ 18.75 ಗರಿಷ್ಠ ಮಿತಿ, ಅದಕ್ಕೇ ಕೆಳಕ್ಕೆ ಇಳಿಸಿದೆವು. ತಾಳೆ ನೋಡಿ: 18 ಕಿಲೋ ಹಾಕಿದರೆ 5760 + 7680 = 13440, ಕಿಲೋಗೆ 268.80. ಸರಿ. 19 ಹಾಕಿದರೆ 13520, ಕಿಲೋಗೆ 270.40. ನಲವತ್ತು ಪೈಸೆ ಮೀರಿತು. ಮಾಲು 5 ಕಿಲೋ ಪ್ಯಾಕೆಟ್‌ನಲ್ಲೇ ಬರುತ್ತದೆ ಎಂದಾದರೆ 15 ಬಿಟ್ಟು ಬೇರೆ ಉತ್ತರ ಇಲ್ಲ.

ಚಿಹ್ನೆ ತಿರುಗುವ ಜಾಗ

ಇದೇ ಲೆಕ್ಕವನ್ನು ಕೆಳಗಿನ ದರ್ಜೆಯಿಂದ ಶುರು ಮಾಡಿ. ಅದು "ಕ" ಕಿಲೋ ಇರಲಿ.

320(50 − ಕ) + 240ಕ ≤ 13500
16000 − 80ಕ ≤ 13500
−80ಕ ≤ −2500

ಇಲ್ಲಿ ನಿಲ್ಲಿ. ಋಣ ಸಂಖ್ಯೆಯಿಂದ ಭಾಗಿಸಿದರೆ ಚಿಹ್ನೆ ತಿರುಗುತ್ತದೆ: ಕ ≥ 31.25. ತಿರುಗಿಸದೆ ಕ ≤ 31.25 ಎಂದು ಬರೆದರೆ ಅರ್ಥವೇ ಉಲ್ಟಾ ಆಗುತ್ತದೆ. ಅಗ್ಗದ ಮಾಲು ಕಮ್ಮಿ ಹಾಕಿದಷ್ಟೂ ದರ ಇಳಿಯುತ್ತದೆ ಎಂದಂತೆ!

ನನ್ನ ಸಲಹೆ ಏನೆಂದರೆ ಋಣದಿಂದ ಭಾಗಿಸುವ ಸಂದರ್ಭವನ್ನೇ ತಂದುಕೊಳ್ಳಬೇಡಿ. 16000 − 80ಕ ≤ 13500 ಬಂದ ಕೂಡಲೇ 80ಕ ವನ್ನು ಬಲಕ್ಕೆ, 13500 ಅನ್ನು ಎಡಕ್ಕೆ ತನ್ನಿ. 2500 ≤ 80ಕ. ಈಗ ಧನ ಸಂಖ್ಯೆಯಿಂದ ಭಾಗಿಸಿದರೆ 31.25 ≤ ಕ. ಚಿಹ್ನೆ ಮುಟ್ಟುವ ಕೆಲಸವೇ ಇಲ್ಲ. ಎರಡು ದಾರಿಯ ಉತ್ತರ ಕೂಡಿಸಿ ನೋಡಿ, 18.75 + 31.25 = 50. ಹೊಂದಿತು.

ಹಾಗಾದರೆ ಛೇದದಲ್ಲಿ ಅಜ್ಞಾತ ಇದ್ದರೆ? ಅಸಮಾನತೆಯ ಎರಡೂ ಬದಿಯನ್ನು ಗೊತ್ತಿಲ್ಲದ ಸಂಖ್ಯೆಯಿಂದ ಗುಣಿಸಬಾರದು ಎಂದು ಮೇಷ್ಟ್ರು ಹೇಳಿರುತ್ತಾರೆ. ಅದು ಋಣ ಆಗಿದ್ದರೆ ಚಿಹ್ನೆ ತಿರುಗುತ್ತದಲ್ಲ, ಅದಕ್ಕೆ. ಆದರೆ ತೂಕದ ಸರಾಸರಿಯಲ್ಲಿ ಛೇದ ಎಂದರೆ ಒಟ್ಟು ತೂಕ. ಕಿಲೋ, ಟನ್, ಅಂಕ ಯಾವುದೂ ಋಣ ಆಗುವುದಿಲ್ಲ. ಹಾಗಾಗಿ ಇಲ್ಲಿ ಧೈರ್ಯವಾಗಿ ಗುಣಿಸಬಹುದು. ಉತ್ತರ ಪತ್ರಿಕೆಯಲ್ಲಿ "ಒಟ್ಟು ತೂಕ ಧನ ಸಂಖ್ಯೆ, ಆದ್ದರಿಂದ ಚಿಹ್ನೆ ಬದಲಾಗುವುದಿಲ್ಲ" ಎಂದು ಒಂದು ಸಾಲು ಬರೆಯಿರಿ.

ನಾಲ್ಕನೇ ಹೆಜ್ಜೆ: ಅಜ್ಞಾತವೇ ತೂಕ ಆದಾಗ

ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ರೈತರಿಗೆ ಈ ಲೆಕ್ಕ ಪುಸ್ತಕದ್ದಲ್ಲ, ಹೊಟ್ಟೆಪಾಡಿನದು. ಕೇಂದ್ರ ಸರ್ಕಾರ 2025-26ರ ಹಂಗಾಮಿಗೆ ಕಬ್ಬಿನ ಎಫ್‌ಆರ್‌ಪಿಯನ್ನು, ಅಂದರೆ ಕಾರ್ಖಾನೆ ರೈತರಿಗೆ ಕೊಡಲೇಬೇಕಾದ ಕನಿಷ್ಠ ದರವನ್ನು, ಶೇ 10.25 ಸಕ್ಕರೆ ಇಳುವರಿಗೆ (100 ಕಿಲೋ ಕಬ್ಬಿಗೆ 10.25 ಕಿಲೋ ಸಕ್ಕರೆ) ಕ್ವಿಂಟಲ್‌ಗೆ 355 ರೂಪಾಯಿ ಎಂದು ನಿಗದಿ ಮಾಡಿತು. ಇಳುವರಿ 0.1 ಅಂಶ ಏರಿದರೆ ಕ್ವಿಂಟಲ್‌ಗೆ 3.46 ರೂಪಾಯಿ ಜಾಸ್ತಿ. ಟನ್ನಿಗೆ 34 ರೂಪಾಯಿ 60 ಪೈಸೆ. ಹಂಗಾಮಿನ ಆರಂಭದಲ್ಲಿ ಇಳುವರಿ ಕಡಿಮೆ ಇರುತ್ತದೆ, ಚಳಿ ಬಿದ್ದ ಮೇಲೆ ಏರುತ್ತದೆ. ಹಾಗಾಗಿ ಇಡೀ ಹಂಗಾಮಿನ ಇಳುವರಿ ಎಂದರೆ ತಿಂಗಳುಗಳ ಸಾದಾ ಸರಾಸರಿ ಅಲ್ಲ. ಯಾವ ತಿಂಗಳು ಎಷ್ಟು ಟನ್ ನುರಿಸಿದರು ಅನ್ನುವುದೇ ಅಲ್ಲಿ ತೂಕ.

ಒಂದು ಕಾರ್ಖಾನೆ 4 ಲಕ್ಷ ಟನ್ ನುರಿಸಿದೆ, ಇಳುವರಿ ಶೇ 10.1 ಎಂದುಕೊಳ್ಳಿ. ಇನ್ನು 2 ಲಕ್ಷ ಟನ್ ಬಾಕಿ. ಒಟ್ಟು ಕನಿಷ್ಠ 10.25 ಆಗಲು ಉಳಿದ ಕಬ್ಬಿನ ಇಳುವರಿ "ರ" ಎಷ್ಟಿರಬೇಕು?

4 × 10.1 + 2ರ ≥ 6 × 10.25
40.4 + 2ರ ≥ 61.5
ರ ≥ 10.55

ಉಳಿದದ್ದು 1 ಲಕ್ಷ ಟನ್ ಮಾತ್ರ ಆಗಿದ್ದರೆ 40.4 + ರ ≥ 51.25, ಅಂದರೆ ರ ≥ 10.85. ಬಾಕಿ ಕಡಿಮೆ ಆದಷ್ಟೂ ಏರಬೇಕಾದ ಎತ್ತರ ಜಾಸ್ತಿ.

ಈಗ ಪ್ರಶ್ನೆ ತಿರುಗಿಸಿ. ಮುಂದಿನ ಕಬ್ಬಿನ ಇಳುವರಿ 10.6 ಎಂದು ಗೊತ್ತಿದೆ. ಎಷ್ಟು ಲಕ್ಷ ಟನ್ ನುರಿಸಿದರೆ ಸರಾಸರಿ 10.25 ಮುಟ್ಟುತ್ತದೆ? ಟನ್ ಲೆಕ್ಕ "ಟ" ಇರಲಿ. ಈ ಸಲ ಅಜ್ಞಾತ ಎರಡೂ ಬದಿಗೆ ಬರುತ್ತದೆ, ಯಾಕೆಂದರೆ ಒಟ್ಟು ತೂಕವೇ 4 + ಟ:

40.4 + 10.6ಟ ≥ 10.25(4 + ಟ)
40.4 + 10.6ಟ ≥ 41 + 10.25ಟ
0.35ಟ ≥ 0.6
ಟ ≥ 1.7142...

ಸುಮಾರು 1 ಲಕ್ಷ 71 ಸಾವಿರದ 429 ಟನ್. ಎಡಬದಿಯಲ್ಲಿ ಟ ಹಾಕಿ, ಬಲಬದಿಯ ಟ ಮರೆತು 10.25 × 4 ಅಷ್ಟೇ ಬರೆಯುವ ಮಕ್ಕಳು ಬಹಳ. ಹೊಸ ಕಬ್ಬು ಬಂದರೆ ಸಕ್ಕರೆಯೂ ಏರುತ್ತದೆ, ಭಾಗಿಸುವ ಟನ್ನೂ ಏರುತ್ತದೆ.

ಕೊನೆಯ ಎರಡು ಸಾಲನ್ನು ಮತ್ತೆ ನೋಡಿ. 0.6 ಎಲ್ಲಿಂದ ಬಂತು? 10.25ಕ್ಕೆ 10.1 ಎಷ್ಟು ಕಡಿಮೆ? 0.15. ಅಷ್ಟು ಕೊರತೆ 4 ಲಕ್ಷ ಟನ್ನಿಗೆ, ಒಟ್ಟು 0.6. 0.35 ಎಂದರೆ 10.6 ಗುರಿಗಿಂತ ಎಷ್ಟು ಹೆಚ್ಚು ಅನ್ನುವುದು. ಕೊರತೆಯನ್ನು ಹೆಚ್ಚಳ ತುಂಬಬೇಕು, ಅಷ್ಟೇ. ತಕ್ಕಡಿಯ ಎರಡು ತಟ್ಟೆ ಇದ್ದ ಹಾಗೆ: ಒಂದು ಕಡೆ 0.15 × 4, ಇನ್ನೊಂದು ಕಡೆ 0.35 × ಟ. ಬಹು ಆಯ್ಕೆ ಪ್ರಶ್ನೆಗಳಲ್ಲಿ ಈ ದಾರಿ ಹಿಡಿದರೆ ಉತ್ತರ ಎರಡು ಸಾಲಿನಲ್ಲಿ ಸಿಗುತ್ತದೆ. ಆದರೆ ಮೊದಲು ಉದ್ದದ ದಾರಿ ಕಲಿತು, ಆಮೇಲೆ ಇದನ್ನು ಬಳಸಿ. ಬರೀ ಚಿಕ್ಕ ದಾರಿ ಕಲಿತವರು ಪ್ರಶ್ನೆ ಸ್ವಲ್ಪ ಬದಲಾದರೂ ತಡವರಿಸುತ್ತಾರೆ.

ಮುಂದಿನ ಕಬ್ಬಿನ ಇಳುವರಿ 10.2 ಆಗಿದ್ದರೆ? 40.4 + 10.2ಟ ≥ 41 + 10.25ಟ ಎಂದು ಬರೆದರೆ −0.6 ≥ 0.05ಟ ಬರುತ್ತದೆ. ಟನ್ ಋಣ ಆಗಬೇಕು! ಸಾಧ್ಯವೇ ಇಲ್ಲ. ಗುರಿಗಿಂತ ಕೆಳಗಿರುವ ಎರಡನ್ನು ಎಷ್ಟೇ ಬೆರೆಸಿದರೂ ಸರಾಸರಿ ಗುರಿ ಮುಟ್ಟುವುದಿಲ್ಲ. ಸರಾಸರಿ ಯಾವಾಗಲೂ ಕಡಿಮೆಯದಕ್ಕೂ ಹೆಚ್ಚಿನದಕ್ಕೂ ನಡುವೆಯೇ ಬೀಳುತ್ತದೆ.

ತೂಕವೇ ಕೊಡದೆ ಅನುಪಾತ ಕೇಳಿದರೆ

ಇಂಥ ಪ್ರಶ್ನೆ ನೋಡಿದರೆ ಏನೂ ಕೊಟ್ಟಿಲ್ಲವಲ್ಲ ಎಂದು ಗಾಬರಿಯಾಗುತ್ತದೆ. ಕೊಟ್ಟಿರುವುದು ಸಾಕು. ಎಮ್ಮೆ ಹಾಲಿನ ಫ್ಯಾಟ್ ಶೇ 7, ಆಕಳ ಹಾಲಿನದು ಶೇ 4 ಎಂದು ಹಿಡಿಯಿರಿ. ಸ್ಟ್ಯಾಂಡರ್ಡೈಸ್ಡ್ ಹಾಲಿನಲ್ಲಿ, ಅಂದರೆ ಫ್ಯಾಟ್ ಅಳತೆ ಹೊಂದಿಸಿ ಮಾರುವ ಹಾಲಿನಲ್ಲಿ, ಕನಿಷ್ಠ ಶೇ 4.5 ಫ್ಯಾಟ್ ಇರಬೇಕು ಎಂಬುದು ನಿಯಮ. ಖರ್ಚು ನೋಡಿಕೊಂಡು ಶೇ 5 ಮೀರಬಾರದು ಎಂಬುದು ನಾವು ಹಾಕಿಕೊಂಡ ಷರತ್ತು. ಯಾವ ಅನುಪಾತದಲ್ಲಿ ಬೆರೆಸಬೇಕು?

ಎಮ್ಮೆ ಹಾಲು "ಎ" ಕಿಲೋ, ಆಕಳ ಹಾಲು "ಆ" ಕಿಲೋ. ಎ + ಆ ಧನ ಸಂಖ್ಯೆ, ಆದ್ದರಿಂದ ಗುಣಿಸಬಹುದು:

4.5(ಎ + ಆ) ≤ 7ಎ + 4ಆ ≤ 5(ಎ + ಆ)

ಇದನ್ನು ಒಂದೇ ಏಟಿಗೆ ಬಿಡಿಸಲು ಹೋಗಬೇಡಿ, ಎರಡು ತುಂಡು ಮಾಡಿ. ಎಡದ ತುಂಡಿನಿಂದ 0.5ಆ ≤ 2.5ಎ, ಅಂದರೆ ಆ ≤ 5ಎ. ಬಲದ ತುಂಡಿನಿಂದ 2ಎ ≤ ಆ. ಸೇರಿಸಿದರೆ:

2ಎ ≤ ಆ ≤ 5ಎ

ಒಂದು ಕಿಲೋ ಎಮ್ಮೆ ಹಾಲಿಗೆ 2ರಿಂದ 5 ಕಿಲೋ ಆಕಳ ಹಾಲು. ತುದಿಗಳನ್ನು ಪರೀಕ್ಷಿಸಿ: 1ಕ್ಕೆ 2 ಹಾಕಿದರೆ 15 ಭಾಗಿಸು 3, ಅಂದರೆ 5. 1ಕ್ಕೆ 5 ಹಾಕಿದರೆ 27 ಭಾಗಿಸು 6, ಅಂದರೆ 4.5. ಎರಡೂ ತುದಿ ಸರಿಯಾಗಿ ಕೂತವು. ಹತ್ತಿರ 60 ಕಿಲೋ ಆಕಳ ಹಾಲು ಇದ್ದರೆ ಎಮ್ಮೆ ಹಾಲು 12ರಿಂದ 30 ಕಿಲೋ. ಎಡಬಲ ಅದಲುಬದಲಾಗದಂತೆ ನೋಡಿಕೊಳ್ಳಿ. ಆ ≤ 5ಎ ಎನ್ನುವ ಮಿತಿಯಿಂದ 12 ಬರುತ್ತದೆ, 2ಎ ≤ ಆ ಎನ್ನುವುದರಿಂದ 30.

ಪ್ರಶ್ನೆಯ ಮಾತು, ಚಿಹ್ನೆಯ ರೂಪ

"ಕನಿಷ್ಠ", "ಕಡಿಮೆ ಆಗಬಾರದು" ಎಂದರೆ ≥. "ಗರಿಷ್ಠ", "ಮೀರಬಾರದು" ಎಂದರೆ ≤. ಈ ನಾಲ್ಕರಲ್ಲೂ ಸಮ ಆದರೂ ನಡೆಯುತ್ತದೆ. "ದಾಟಬೇಕು", "ಹೆಚ್ಚಿರಬೇಕು" ಎಂದರೆ ಬರೀ >, ಸಮ ಆದರೆ ಸಾಲದು. ಉತ್ತರ ಪೂರ್ಣ ಸಂಖ್ಯೆ ಆಗಬೇಕಾದಾಗ ಈ ವ್ಯತ್ಯಾಸ ಒಂದು ಅಂಕ ತಿನ್ನುತ್ತದೆ. ಅದನ್ನು ತೋರಿಸುವ ಒಂದು ಲೆಕ್ಕ ಇಲ್ಲಿದೆ. ಕೆಳಗಿನ ಉತ್ತರ ಮುಚ್ಚಿಕೊಂಡು ಮೊದಲು ನೀವೇ ಮಾಡಿ.

ಇಳಕಲ್‌ನ ಒಂದು ಅಂಗಡಿಯಲ್ಲಿ 20 ಸೀರೆ ಮಾರಾಟ ಆಗಿವೆ, ಸರಾಸರಿ ಬೆಲೆ 1800 ರೂಪಾಯಿ. ಇನ್ನು 3000 ರೂಪಾಯಿಯ ಎಷ್ಟು ಸೀರೆ ಮಾರಿದರೆ ಸರಾಸರಿ 2200 ದಾಟುತ್ತದೆ?

ಮಾರಬೇಕಾದ ಸೀರೆ "ಸ". ತೂಕ ಯಾವುದು? ಸೀರೆಯ ಸಂಖ್ಯೆ. ಮೊತ್ತ ಹಿಡಿಯಿರಿ:

20 × 1800 + 3000ಸ > 2200(20 + ಸ)
36000 + 3000ಸ > 44000 + 2200ಸ
800ಸ > 8000
ಸ > 10

ಚಿಕ್ಕ ದಾರಿಯಲ್ಲೂ ಅದೇ. ಕೊರತೆ 400 × 20 = 8000, ಪ್ರತಿ ಹೊಸ ಸೀರೆಯ ಹೆಚ್ಚಳ 800. ಹತ್ತು ಸೀರೆ ಮಾರಿದರೆ 66000 ಭಾಗಿಸು 30, ಸರಿಯಾಗಿ 2200. ಮುಟ್ಟಿತು, ದಾಟಲಿಲ್ಲ. ಹನ್ನೊಂದು ಮಾರಿದರೆ 69000 ಭಾಗಿಸು 31, ಸುಮಾರು 2225.81. ಉತ್ತರ 11.